ನಳ ಎಲ್ಲಿ ನಿಲ್ಲಬೇಕು

ಪಿಕಾಸಿಯ ಏಟು ಅಂಬಾಳಿಗೆ ಮೊದಲು ಅಂಗಾಲಿನಲ್ಲಿ ಗೊತ್ತಾಯಿತು. ಒಲೆಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು ಗಂಜಿ ಬಸಿಯುತ್ತಿದ್ದಳು. ನೆಲ ಒಮ್ಮೆ ಸಣ್ಣಗೆ ಅದುರಿತು, ಸ್ವಲ್ಪ ಬಿಟ್ಟು ಮತ್ತೆ ಅದುರಿತು. ನೀರಿನ ಪೈಪು ಹೂಳಲು ಹೊಳೆಕೋಣದ ಪೇಟೆ ಬೀದಿಯನ್ನು ಅಗೆಯಲು ತೊಡಗಿ ವಾರಗಳಾಗಿದ್ದವು, ಆ ಸದ್ದು ಊರಿಗೆ ಹೊಸದಲ್ಲ. ಆದರೆ ಇದು ಹತ್ತಿರದ ಏಟು, ತಮ್ಮ ಅಂಗಳದ ಅಡಿಯ ಚಿರೆಕಲ್ಲಿಗೇ ಬೀಳುತ್ತಿರುವ ಏಟು. ಸೆರಗಿಗೆ ಕೈ ಒರಸುತ್ತ ಹೊರಗೆ ಬಂದಳು. ಬೀದಿಯ ದೊಡ್ಡ ಅಗಳಿನಿಂದ ಒಂದು ಕವಲು ಒಡೆದು ಚೌಡ ಮೇಸ್ತ್ರಿಯ ಆಳುಗಳು ನೇರ ಈ ಮನೆಯ ಬೇಲಿಬಾಗಿಲ ದಣಪೆಯ ಕಡೆಗೇ ಮಣ್ಣು ಬಗೆಯುತ್ತ ಬರುತ್ತಿದ್ದರು. ಕೆಂಪು ಮಣ್ಣು ಎರಡೂ ಬದಿಗೆ ಹಸಿಯಾಗಿ ಬಿದ್ದಿತ್ತು. ಯಾರು ಹೇಳಿದ್ದು ಎಂದು ಕೇಳಿದಳು. ಚೌಡ ತಲೆಗೆ ಸುತ್ತಿದ ಪಂಚೆ ಬಿಚ್ಚಿ ಬೆವರು ಒರಸಿಕೊಂಡು, "ಅಧ್ಯಕ್ಷರು ಹೇಳಿದ್ದು ಅಮ್ಮ. ಮೆಂಬರ್ರ ಮನೆ ಬಾಗಿಲಿಗೆ ಒಂದು ನಳ ಅಂತ," ಎಂದ. ಅವನ ಮುಖದಲ್ಲಿ ಸಂತೋಷವಿತ್ತು, ಒಳ್ಳೆಯ ಸುದ್ದಿ ತಂದವನ ಸಂತೋಷ. ಅಂಬಾಳಿಗೂ ಎದೆಯೊಳಗೆ ಏನೋ ತಣ್ಣಗೆ ಜಾರಿತು. ಮನೆಯ ಬಾಗಿಲಲ್ಲಿ ನಿಂತು ಹಿತ್ತಾಳೆಯ ಕಿವಿ ತಿರುಗಿಸಿದರೆ ನೀರು. ಸಿಟ್ಟು ಬಂದದ್ದು ಆಮೇಲೆ. ಸಂತೋಷ ಮೊದಲು ಬಂದು ಸಿಟ್ಟು ಆಮೇಲೆ ಬಂತಲ್ಲ ಎನ್ನುವುದೇ ಅವಳನ್ನು ಹೆಚ್ಚು ಚುಚ್ಚಿತು. ನಳ ಎಲ್ಲೆಲ್ಲಿ ನಿಲ್ಲಬೇಕು, ನೀರು ಯಾವ ಹೊತ್ತಿಗೆ ಬಿಡಬೇಕು ಎಂದು ತೀರ್ಮಾನಿಸುವ ಸಭೆ ಇರುವುದು ಇವತ್ತು ಮಧ್ಯಾಹ್ನ. ಸಭೆಗೆ ಮೊದಲೇ ಅಗಳು ಬಂದಿದೆ.

ಹಾಗೆ ನೋಡಿದರೆ ಅವಳು ಮೆಂಬರಾದದ್ದೂ ಅವಳನ್ನು ಕೇಳುವ ಮೊದಲೇ ಆಗಿಹೋಗಿತ್ತು. ಪಂಚಾಯತಿಯಲ್ಲಿ ಹೆಂಗಸರೂ ಇರಬೇಕೆಂದು ಹೊಸ ಕಾಯಿದೆ ಬಂದಾಗ ಅಧ್ಯಕ್ಷ ವೆಂಕ್ಟ್ರಮಣ, ಗಂಡನ ದೊಡ್ಡಪ್ಪನ ಮಗ, ಜಗಲಿಯ ತುದಿಯಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತ ಹೊನ್ನನಿಗೆ ಹೇಳಿದ್ದ, ನಿನ್ನ ಹೆಂಡ್ತಿ ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸು ಮಾಡಿದವಳು, ಸೈ ಮಾಡ್ಲಿಕ್ಕೆ ಬರ್ತದೆ, ಅವಳ ಹೆಸರೇ ಇರಲಿ. ಹೊನ್ನ ಹೆದ್ದಾರಿಯ ಕೆಲಸದಲ್ಲಿ ಕಲ್ಲು ಕಟ್ಟುವ ಮೇಸ್ತ್ರಿ, ಶನಿವಾರ ಮನೆಗೆ ಬಂದು ಸೋಮವಾರ ಹೋಗುವವನು, ಆತು ಎಂದುಬಿಟ್ಟ. ಅಂಬಾ ಒಳಗೆ ನಿಂತು ಅದನ್ನು ಕೇಳಿಸಿಕೊಂಡಿದ್ದಳು. ಮೊದಲ ಸಭೆಯಲ್ಲಿ ಬಾಗಿಲ ಪಕ್ಕದ ಬೆಂಚಿನ ಮೇಲೆ ಕೂತಿದ್ದಳು, ಒಬ್ಬಳೇ, ಆ ಬೆಂಚಿನ ಉಳಿದ ಜಾಗ ಖಾಲಿ ಇದ್ದರೂ ಗಂಡಸರು ಎದುರಿನ ಬೆಂಚಿನಲ್ಲಿ ಒತ್ತಿಕೊಂಡು ಕೂತಿದ್ದರು. ಕೊನೆಗೆ ಕಾಗದ ಇವಳ ಮುಂದೆ ಬಂತು. ಎಂತಕ್ಕೆ ಸೈ ಎಂದು ಕೇಳಿದಳು. ಯಾರೋ ನಕ್ಕರು, ಆ ನಗು ಬೆಂಚಿನಿಂದ ಬೆಂಚಿಗೆ ಹೋಯಿತು. ವೆಂಕ್ಟ್ರಮಣನೂ ಕೆಟ್ಟ ಮನಸ್ಸಿನಿಂದಲ್ಲ, ಮಗು ತೊದಲಿದ್ದಕ್ಕೆ ನಗುವ ಹಾಗೆ ನಕ್ಕ. ಅವಳು ಕಾಗದವನ್ನು ಮೇಲಿನಿಂದ ಕೆಳಗಿನವರೆಗೆ ಓದಿದಳು. ಓದಿ ಮುಗಿಯುವವರೆಗೆ ಗಂಡಸರು ಕಾಯಬೇಕಾಯಿತು. ಆವತ್ತಿನಿಂದ ಪ್ರತಿ ಸಭೆಯಲ್ಲಿಯೂ ಓದಿಯೇ ಸೈ ಮಾಡಿದ್ದಾಳೆ. ಈಗ ಯಾರೂ ನಗುವುದಿಲ್ಲ, ಅವಳು ಓದುವಾಗ ಬೀಡಿ ಹಚ್ಚುತ್ತಾರೆ.

"ಅಗಿಯೂದು ನಿಲ್ಸಿ," ಎಂದಳು ಚೌಡನಿಗೆ. "ಮಧ್ಯಾಹ್ನ ಮೀಟಿಂಗ್ ಆಗ್ಲಿ. ಆಮೇಲೆ ಹೇಳ್ತೆ."

ಚೌಡ ಅವಳ ಮುಖ ನೋಡಿದ, ಅವಳ ಹಿಂದೆ ಜಗಲಿಯ ಕಡೆ ನೋಡಿದ. ಜಗಲಿಯಲ್ಲಿ ಅತ್ತೆ ಮಾಸ್ತಮ್ಮ ಬಾಳೆನಾರು ತೊಡೆಯ ಮೇಲಿಟ್ಟುಕೊಂಡು ಮಲ್ಲಿಗೆ ಕಟ್ಟುತ್ತಿದ್ದಳು. ಹೂವು ಒಯ್ಯುವ ಭಟ್ಕಳದ ಬಸ್ಸು ಬರುವ ಮೊದಲು ಹೂಚೆಂಡು ಕಟ್ಟಿ ಮುಗಿಯಬೇಕು. ಅವಳ ಕೈ ನಿಂತಿತು. "ಎಂತಕ್ಕೆ ನಿಲ್ಸೂದು?" ಎಂದಳು, ದನಿ ಎತ್ತದೆ. ಊರಿಗೆ ತೀರ್ಮಾನ ಆಗುವ ಮೊದಲು ನಮ್ಮ ಬಾಗಿಲಿಗೆ ಬಂದರೆ ಜನ ಎಂತ ಹೇಳ್ತಾರೆ ಅತ್ತೆ ಎಂದಳು ಅಂಬಾ. ಮಾಸ್ತಮ್ಮ ಮತ್ತೆ ಹೂವಿಗೆ ತಿರುಗಿದಳು. ಮೊಗ್ಗಿನ ಮೇಲೆ ಮೊಗ್ಗು ಇಟ್ಟು ನಾರು ಬಿಗಿದಳು. ತುಟಿ ಒತ್ತಿಕೊಂಡು ಬಿಗಿದ ರೀತಿಯಲ್ಲಿ ಸಿಟ್ಟಿತ್ತು. ಅಂಬಾಳಿಗೆ ಆ ಸಿಟ್ಟು ಗೊತ್ತಿತ್ತು, ಗೊತ್ತಿದೆ ಎಂದು ಅವಳು ಅಂದುಕೊಂಡಳು. ಇದು ಸಿಹಿಬಾವಿಯ ಮನೆ. ಹೋಳಿ ಮುಗಿಯುತ್ತಿದ್ದಂತೆ ಕಡಲ ಕಡೆಯ ಬಾವಿಗಳ ನೀರು ಉಪ್ಪಾಗುತ್ತ ಬಂದು, ಬೇಸಗೆ ಏರಿದಾಗ ಬಾಯಿಗೆ ಇಡಲಾಗದಂತೆ ಆಗುತ್ತದೆ. ಆಗ ಕಡಲಕೇರಿಯ ಹೆಂಗಸರೆಲ್ಲ ಈ ಹಿತ್ತಿಲಿಗೆ ಬರಬೇಕು. ಬಂದು ಬಾವಿಕಟ್ಟೆಯ ಕೆಳಗೆ ಸಾಲಾಗಿ ಕೊಡಪಾನ ಇಟ್ಟು ನಿಲ್ಲಬೇಕು. ಹಗ್ಗ ಹೊರಗಿನವರ ಕೈಗೆ ಹೋಗಕೂಡದು ಎಂಬುದು ಈ ಮನೆಯ ಪದ್ಧತಿ. ಸೇದುವುದು ಮನೆಯವರು, ಮೇಲಿನಿಂದ ಅವರ ಕೊಡಪಾನಕ್ಕೆ ಹುಯ್ಯುವುದು ಮನೆಯವರು. ಅಂಬಾ ಮದುವೆಯಾಗಿ ಬರುವ ಮೊದಲು ಮಾಸ್ತಮ್ಮ ಒಬ್ಬಳೇ ಇಡೀ ಕೇರಿಗೆ ಸೇದಿದ್ದಾಳೆ. ಬಂದ ಮೇಲೆ ಬೆಳಗಿನದು ಅಂಬಾಳದು, ಮಧ್ಯಾಹ್ನದ್ದು ಅತ್ತೆಯದು. ಶಿರಾಲಿಯವರೆಗೂ ಈ ಮನೆಯ ಹೆಸರು ಹೋಗಿದ್ದರೆ ಅದು ಗದ್ದೆಯಿಂದಲ್ಲ, ಈ ಬಾವಿಯಿಂದ. ಕೇರಿಗೆ ನಳ ಬಂದರೆ ಯಾರು ಈ ಹಿತ್ತಿಲಿಗೆ ಬರುತ್ತಾರೆ? ಮುದುಕಿಗೆ ಅದೇ ಹೊಟ್ಟೆಯುರಿ. ಅಂಬಾ ಹಾಗೆ ತಿಳಿದು, ತಿಳಿದದ್ದರಲ್ಲಿ ಒಂದು ಬಗೆಯ ಹಿರಿತನವನ್ನೂ ಅನುಭವಿಸಿ, ಅನ್ನ ಆರುತ್ತದೆಂದು ಒಳಗೆ ಹೋದಳು.

ಈ ಸಭೆಗೆ ಮೊದಲು ಊರವರ ಮಾತು ಕೇಳಿ ಬನ್ನಿ ಎಂದು ಅವಳಿಗೆ ಹೇಳಿದ್ದು ಪೈಪಿನ ಕೆಲಸದ ಓವರ್‌ಸಿಯರ್. ಕುಮಟೆಯ ಕಡೆಯ ಹುಡುಗ, ಬಿಳಿ ಟೋಪಿ ಹಾಕಿಕೊಂಡು ಸೈಕಲ್ಲಿನಲ್ಲಿ ಬರುತ್ತಿದ್ದ. ಮುಂಬಯಿ ಸರಕಾರದ ಕಾಲದವರ ಹಾಗೆ ಅವಳನ್ನು ಅಂಬಾಬಾಯಿ ಎನ್ನುತ್ತಿದ್ದ. ಗುಡ್ಡದ ಬುಡದಲ್ಲಿ ತೋಡಿದ ಹೊಸ ಬಾವಿಯಿಂದ ಪಂಪು ನೀರನ್ನು ಗುಡ್ಡದ ಮೇಲಿನ ಟಾಕಿಗೆ ಎತ್ತುತ್ತದೆ, ಟಾಕಿಯಿಂದ ನೆಲದೊಳಗಿನ ಪೈಪಿನಲ್ಲಿ ನೀರು ತಾನಾಗಿ ಪೇಟೆ ಬೀದಿಗೆ, ಅಲ್ಲಿಂದ ಕೂಡುದಾರಿ ದಾಟಿ ಕಡಲಕೇರಿಗೆ ಇಳಿಯುತ್ತದೆ. ಕೂಡುದಾರಿಯಲ್ಲಿ ನಿಂತು ಅವನು ಇದನ್ನೆಲ್ಲ ಅವಳಿಗೆ ಹೇಳಿದ ದಿನ ಆಳುಗಳು ಬೀಡುಕಬ್ಬಿಣದ ಪೈಪುಗಳ ಸಂದಿಗೆ ಸೀಸ ಹುಯ್ಯುತ್ತಿದ್ದರು. ಕಬ್ಬಿಣದ ಸೌಟಿನಲ್ಲಿ ಸೀಸ ಬೆಳದಿಂಗಳ ಹಾಗೆ ಹೊಳೆಯುತ್ತಿತ್ತು, ಸಂದಿಗೆ ಇಳಿಯುತ್ತಲೇ ಬೂದಿಬಣ್ಣವಾಗಿ ಸತ್ತುಹೋಗುತ್ತಿತ್ತು. ಒಮ್ಮೆ ಮಣ್ಣು ಮುಚ್ಚಿದರೆ ಯಾರಿಗೆ ಎಷ್ಟು ಹೋಗುತ್ತದೆಂದು ಯಾರಿಗೂ ಕಾಣುವುದಿಲ್ಲ, ಮುಚ್ಚುವ ಮೊದಲೇ ಎಲ್ಲ ಮಾತಾಡಿಕೊಳ್ಳಬೇಕು ಅಂಬಾಬಾಯಿ ಎಂದ ಅವನು. ಎಲ್ಲರಿಗೂ ಒಟ್ಟಿಗೆ ಬಿಟ್ಟರೆ ಮೇಲಿನವರು ತುಂಬಿಸಿಕೊಳ್ಳುತ್ತಾರೆ, ಕೊನೆಯ ನಳದಲ್ಲಿ ಗಾಳಿ ಬರುತ್ತದೆ. ಯಾರಿಗೆ ಯಾವ ಹೊತ್ತಿಗೆ ಎಷ್ಟು ಬೇಕು ಎಂದು ಹೆಂಗಸರನ್ನು ಕೇಳಬೇಕು, ಗಂಡಸರು ಕೇಳಿದರೆ ಅವರು ಹೇಳುವುದಿಲ್ಲ. ಅವಳು ಹೋದಳು. ಮನೆ ಮನೆಗೆ ಹೋದಳು. ಕೇಳುವುದು ಇಷ್ಟು ಕಷ್ಟವೆಂದು ಅವಳಿಗೆ ಗೊತ್ತಿರಲಿಲ್ಲ. ಪೇಟೆ ಬೀದಿಯವರು ಸುಲಭ, ದಿನವಿಡೀ ಬೇಕು ಎಂದರು, ಕೊನೆಗೆ ಬೆಳಿಗ್ಗೆ ಗಟ್ಟಿಯಾಗಿ ಬಂದರೆ ಸಾಕು ಎಂದರು. ಕಡಲಕೇರಿಯಲ್ಲಿ ಯಾರೂ ಬಾಯಿಬಿಡಲಿಲ್ಲ. ನಿಮ್ಮ ಮನೆಗೆ ಎಷ್ಟು ಕೊಡಪಾನ ಬೇಕು ಎಂದರೆ ದಿನವೂ ಒಯ್ಯುವುದಕ್ಕಿಂತ ಕಡಿಮೆ ಹೇಳಿದರು. ಹೆಚ್ಚು ಕೇಳಿದರೆ ದುರಾಸೆಯವರೆಂದು ಎಲ್ಲಿ ಬರೆದುಕೊಂಡುಬಿಡುತ್ತಾಳೋ ಎಂಬ ಹಾಗೆ.

ಸುಬ್ಬಿ ಮಾತ್ರ ಅವಳನ್ನು ಕೂರಿಸಿದಳು. ಮರಳಿನ ಮೇಲೆ ಹಾಸಿದ ಚಾಪೆಯಲ್ಲಿ ಸೀಗಡಿ ಒಣಗುತ್ತಿತ್ತು, ಕಾಗೆ ಓಡಿಸಲು ಅವಳ ಕೈಯಲ್ಲಿ ಉದ್ದದ ಕೋಲಿತ್ತು. ಕೇರಿಯ ಹೆಂಗಸರಲ್ಲಿ ಅವಳ ಮಾತಿಗೆ ತೂಕ. ಗಂಡಸರು ಬಲೆಗೆ ಹೋದ ಮೇಲೆ ಮೀನಿನ ಬುಟ್ಟಿ ಹೊತ್ತು ಶಿರಾಲಿಗೆ ಹೊರಡುವ ಸಾಲಿನಲ್ಲಿ ಮುಂದೆ ನಡೆಯುವವಳು ಅವಳು. ಅಂಬಾ ಕೇಳಿದಾಗ ಸುಬ್ಬಿ, "ನೀವು ಹಾಕಿದಷ್ಟು ಅಂಬಕ್ಕ," ಎಂದಳು. ಬಾವಿಕಟ್ಟೆಯ ಕೆಳಗೆ ನಿಂತು ಹೇಳುವ ಮಾತು ಅದು. ಅಂಬಾಳಿಗೆ ಕಿವಿ ಬಿಸಿಯಾಯಿತು. ಎಷ್ಟೋ ಬೇಸಗೆಯ ನಸುಕಿನಲ್ಲಿ, ಶಿರಾಲಿಗೆ ಹೊರಡುವ ಮೊದಲು ಬಂದ ಈ ಮುಖವನ್ನು ಮೇಲಿನಿಂದಲೇ ನೋಡಿದ್ದಾಳೆ, ಎತ್ತಿದ ಕತ್ತು, ಹಣೆಯ ಮೇಲೆ ಸಿಡಿದ ನೀರು. ಒಮ್ಮೆ ಕೈ ಸೋತು ಕೊಡಪಾನ ಅರ್ಧ ತುಂಬಿದಾಗಲೇ ಮುಗಿಯಿತು ಎಂದಿದ್ದಳು, ಸುಬ್ಬಿ ಒಂದು ಮಾತೂ ಆಡದೆ ಅರ್ಧ ಕೊಡಪಾನವನ್ನೇ ಸೊಂಟಕ್ಕೆ ಇಟ್ಟುಕೊಂಡು ಹೋಗಿದ್ದಳು. ಅದು ಸುಬ್ಬಿಗೆ ನೆನಪಿದೆಯೋ ಇಲ್ಲವೋ. ನೆನಪಿಲ್ಲದಿದ್ದರೆ ಇನ್ನೂ ಕಷ್ಟ, ಯಾಕೆಂದರೆ ಅದು ಅಷ್ಟು ಸಹಜವಾಗಿತ್ತು ಎಂದಾಯಿತು. ಕೇಳುವವಳು ಕೊಡುವವಳೇ ಆಗಿರುವಾಗ ಯಾರು ನಿಜ ಹೇಳುತ್ತಾರೆ? ಅಂಬಾ ಎದ್ದು ಹೋಗಲಿಲ್ಲ. ಕೋಲು ಇಸಿದುಕೊಂಡು ತಾನೇ ಕಾಗೆ ಓಡಿಸುತ್ತ ಕೂತಳು, ಸುಬ್ಬಿ ಸೀಗಡಿ ಮಗುಚಿದಳು. ಬಿಸಿಲು ನೆತ್ತಿಯಿಂದ ಇಳಿಯುವ ಹೊತ್ತಿಗೆ ಸುಬ್ಬಿ ತಾನಾಗಿಯೇ ಹೇಳಿದಳು, "ಬೆಳಿಗ್ಗೆ ಬಿಟ್ರೆ ನಮ್ಗೆ ಎಂತ ಉಪಯೋಗ? ನಾವು ಊರಲ್ಲೇ ಇರೂದಿಲ್ಲ. ಶಿರಾಲಿಯಿಂದ ಬಂದ ಮೇಲೆ, ಮೀನಿನ ಕೈ ತೊಳೀಲಿಕ್ಕೆ, ಅಕ್ಕಿ ತೊಳೀಲಿಕ್ಕೆ, ಆಗ ಬೇಕು." ಅಂಬಾಳಿಗೆ ಎದೆ ಹಗುರಾಯಿತು. ಪೇಟೆಯವರಿಗೆ ಬೆಳಿಗ್ಗೆ ಬೇಕು, ಇವರಿಗೆ ಮಧ್ಯಾಹ್ನದ ಮೇಲೆ ಬೇಕು. ಜಗಳವೇ ಇಲ್ಲ. ಯಾರೂ ಕೇಳಿರಲಿಲ್ಲ, ಅಷ್ಟೇ. ಕೂಡುದಾರಿಯಲ್ಲಿ ಒಂದು ವಾಲ್ವು ಕೂರಿಸಿದರೆ ಆಯಿತು ಎಂದು ಓವರ್‌ಸಿಯರ್ ಹೇಳಿದಾಗ ಆ ರಾತ್ರಿ ಅವಳು ನಿದ್ದೆಯಲ್ಲೂ ನಕ್ಕಿರಬೇಕು. ಆದರೆ ಒಂದು ಮಾತು ಎಂದಿದ್ದ ಅವನು. ಕೂಡುದಾರಿಗಿಂತ ಮೇಲೆ ಯಾರ ಮನೆಗೂ ಬೇರೆ ಕವಲು ಕೊಡಕೂಡದು, ಒಂದು ಕೊಟ್ಟರೆ ನಾಳೆ ಹತ್ತು, ಅವು ಯಾವ ಹೊತ್ತಿಗೂ ನೀರು ಎಳೆಯುತ್ತಲೇ ಇರುತ್ತವೆ, ಮಧ್ಯಾಹ್ನದ ನೀರು ಕಡಲವರೆಗೆ ಮುಟ್ಟುವುದಿಲ್ಲ.

ಅವಳ ಮನೆ ಕೂಡುದಾರಿಗಿಂತ ಮೇಲೆ. ಮಧ್ಯಾಹ್ನ ಸಭೆಗೆಂದು ಶಾಲೆಯ ಕಡೆ ನಡೆಯುತ್ತ ಅವಳು ಆ ಅರ್ಧ ಅಗೆದ ಕವಲನ್ನು ದಾಟಿ ಹೋದಳು, ಸೀರೆಯ ನೆರಿಗೆ ಎತ್ತಿ ಹಿಡಿದು, ಕೆಳಗೆ ನೋಡದೆ. ಬಾವ ವೆಂಕ್ಟ್ರಮಣ ಇದನ್ನು ಯಾಕೆ ಮಾಡಿಸಿದ? ಬಾಯಿ ಮುಚ್ಚಿಸಲು. ನಿನ್ನ ಬಾಗಿಲಿಗೆ ನಳ ಬಂತಲ್ಲ, ಇನ್ನು ಸುಮ್ಮನಿರು ಎಂದು. ನಾಳೆ ಅವನ ಅಕ್ಕಿ ಗಿರಣಿಗೂ ಒಂದು ಕವಲು ಬೇಕಾಗುತ್ತದೆ, ಆಗ ಎದ್ದು ನಿಲ್ಲುವ ಮುಖ ಇವಳಿಗೆ ಇರಕೂಡದು. ಇಷ್ಟು ಸ್ಪಷ್ಟವಾಗಿ ಕಂಡಾಗ ಅವಳ ನಡಿಗೆ ಚುರುಕಾಯಿತು. ತನ್ನಲ್ಲಿ ಹೆದರಿಕೆ ಇಲ್ಲವೆಂಬುದನ್ನು ಅವಳು ಹೊಸ ಬಳೆಯ ಹಾಗೆ ತಿರುಗಿಸಿ ತಿರುಗಿಸಿ ನೋಡಿದಳು.

ಶಾಲೆಯ ಉದ್ದ ಕೋಣೆಯಲ್ಲಿ ಬೆಂಚುಗಳನ್ನು ಗೋಡೆಗೆ ಸರಿಸಿದ್ದರು. ಪೇಟೆಯವರು ಒಳಗೆ ಕೂತಿದ್ದರು, ಕಡಲಕೇರಿಯ ಹೆಂಗಸರು ಹೊರಗೆ ಕಿಟಕಿಯ ಹತ್ತಿರ ನಿಂತಿದ್ದರು. ಒಳಗೆ ಬನ್ನಿ ಎಂದರೂ ಬರಲಿಲ್ಲ, ಮೀನು ಮಾರಿ ನೇರ ಬಂದವರು, ಮೈ ವಾಸನೆ ಎಂದರು. ಅಂಬಾ ಎದ್ದು ನಿಂತು ಹೇಳಿದಳು. ಪೇಟೆಯವರಿಗೆ ಬೆಳಿಗ್ಗೆ, ಕೇರಿಯವರಿಗೆ ಮಧ್ಯಾಹ್ನ, ಕೂಡುದಾರಿಯಲ್ಲಿ ಒಂದು ವಾಲ್ವು, ಇಬ್ಬರಿಗೂ ಪೂರಾ ನೀರು. ಓವರ್‌ಸಿಯರ್ ತಲೆಯಾಡಿಸಿ, ಹಾಗೆ ಮಾಡಿದರೆ ಲೈನು ಚೆನ್ನಾಗಿ ನಡೆಯುತ್ತದೆ ಎಂದ. ವೆಂಕ್ಟ್ರಮಣ ಟೋಪಿ ತೆಗೆದು ಮೇಜಿನ ಮೇಲಿಟ್ಟು, "ಇದು ನೀ ಹೇಳಿದ್ದು. ಕೇರಿಯವರು ಹೇಳಿದ್ದಾ?" ಎಂದ. ಕಿಟಕಿಯ ಕಡೆ ತಿರುಗಿ, "ಸುಬ್ಬಿ, ನೀವೇ ಹೇಳಿ. ನಿಮ್ಗೆ ಹೇಗೆ ಬೇಕು?"

ಸುಬ್ಬಿ ಕಿಟಕಿಯ ಸರಳು ಹಿಡಿದಿದ್ದಳು. "ನಮ್ಗೆ ನಳ ಬ್ಯಾಡ ಒಡೆಯಾ," ಎಂದಳು.

ಕೋಣೆಯಲ್ಲಿ ಆ ಹಳೆಯ ನಗು ಮತ್ತೆ ಎದ್ದಿತು. ಅಂಬಾ ನಿಂತೇ ಇದ್ದಳು, ಕೂರುವುದು ಹೇಗೆಂದು ಮರೆತವಳ ಹಾಗೆ. ಓವರ್‌ಸಿಯರನ ಪೆನ್ನು ಕಾಗದದ ಮೇಲೆ ನಿಂತದ್ದು, ಗೋಡೆಯ ಮೇಲಿನ ನಕಾಶೆಯಲ್ಲಿ ಭಾರತದ ಕೆಳತುದಿ ಸ್ವಲ್ಪ ಹರಿದಿರುವುದು, ಎಲ್ಲ ಒಟ್ಟಿಗೆ ಕಾಣಿಸಿತು. ಸುಬ್ಬಿ ಅವಳನ್ನು ನೋಡುತ್ತಿರಲಿಲ್ಲ. ಬಿಸಿಲಲ್ಲಿ ಕೂತು ಕಾಗೆ ಓಡಿಸಿದ್ದು ಯಾರಿಗಾಗಿ? ಇವರಿಗೆ ಎಷ್ಟು ಮಾಡಿದರೂ ಅಷ್ಟೇ ಎಂಬ ಮಾತು, ಪೇಟೆ ಬೀದಿಯವರು ದಿನವೂ ಆಡುವ ಮಾತು, ಅವಳ ನಾಲಿಗೆಯ ತುದಿಗೆ ಬಂದು ನಿಂತಿತು. ಅದರ ರುಚಿ ಅವಳಿಗೆ ಹಿಡಿಸಲಿಲ್ಲ. ಅವಳು ಬೆಂಚುಗಳ ನಡುವೆ ನಡೆದು ಕಿಟಕಿಯ ಹತ್ತಿರ ಹೋದಳು. ಗಂಡಸರು ಕಾಲು ಮಡಚಿ ದಾರಿ ಬಿಟ್ಟರು.

"ಮೊನ್ನೆ, ನೀರು ಮಧ್ಯಾಹ್ನ ಬಿಟ್ರೆ ಒಳ್ಳೇದು ಹೇಳಿದ್ಯಲ್ಲ ಸುಬ್ಬಿ. ಈಗ ಎಂತ ಆತು?"

"ಹೇಳಿದ್ದು ಹೌದು ಅಂಬಕ್ಕ." ಸುಬ್ಬಿ ಸರಳಿನಿಂದ ಕೈ ತೆಗೆಯಲಿಲ್ಲ. "ಆ ಪಂಪು ಯಾವತ್ತೂ ಕೆಡೂದಿಲ್ವಾ?"

ಅಂಬಾ ಓವರ್‌ಸಿಯರನನ್ನು ನೋಡಿದಳು. ಕೆಡುತ್ತದೆ ಎಂದ ಅವನು, ಸುಳ್ಳು ಹೇಳುವ ಹುಡುಗನಲ್ಲ. ಕೆಟ್ಟರೆ ಹೊನ್ನಾವರದಿಂದ ಮೆಕ್ಯಾನಿಕ್ ಬರಬೇಕು, ಬೇಕಾದ ಸಾಮಾನು ಸಿಗದಿದ್ದರೆ ಹುಬ್ಬಳ್ಳಿಯವರೆಗೂ ಹೋಗಬೇಕಾದೀತು.

"ಅವ ಬರೂವರೆಗೆ ನಾವು ಎಲ್ಲಿಗೆ ಹೋಗೂದು? ನಿನ್ನೆ ನಿಮ್ಮ ಬಾವಿ ಹತ್ರ ಮಾಸ್ತಮ್ಮೋರು ಹೇಳಿದ್ರು. ನಳ ಬಂದ ಮೇಲೆ ಯಾರೂ ಈ ಕಟ್ಟೆ ಹತ್ರ ಬರೂದು ಬ್ಯಾಡ, ಕೊಡಪಾನ ತರೂದು ಬ್ಯಾಡ ಅಂತ. ನಳ ಇವತ್ತು ಬರ್ತದೆ, ನಾಳೆ ಕೆಡ್ತದೆ. ನಿಮ್ಮ ಬಾವಿ ಅಲ್ಲೇ ಇರ್ತದೆ. ಮಕ್ಕಳನ್ನ ಕಟ್ಕೊಂಡು ಯಾವುದನ್ನ ನಂಬೂದು?"

ಯಾರೂ ನಗಲಿಲ್ಲ. ಅಂಬಾಳಿಗೆ ಇದ್ದಕ್ಕಿದ್ದಂತೆ ಎಲ್ಲ ಹಗುರವಾಗಿ, ಸರಿಯಾಗಿ ಕಂಡಿತು. ಪ್ರಶ್ನೆ ಸಿಕ್ಕಿದ ಮೇಲೆ ಉತ್ತರ ಹುಡುಕುವುದು ಅವಳಿಗೆ ಯಾವತ್ತೂ ಕಷ್ಟವಾಗಿರಲಿಲ್ಲ, ಮುಲ್ಕಿ ಪರೀಕ್ಷೆಯಲ್ಲಿಯೂ. ಅವಳು ಕಿಟಕಿಗೆ ಬೆನ್ನು ಮಾಡಿ ಕೋಣೆಯ ಕಡೆ ತಿರುಗಿದಳು. "ನಳ ಬಂದ್ರೂ ನಮ್ಮ ಬಾವಿ ತೆರೆದೇ ಇರ್ತದೆ. ನಳ ಕೆಟ್ಟ ದಿನ ಅವರು ಬರೂದು, ನಾವು ನೀರು ಕೊಡೂದು. ಇದನ್ನೂ ಬರ್ಕೊಳ್ಳಿ ಓವರ್‌ಸಿಯರ್ರೇ."

"ಬಾವಿ ನಿನ್ನ ಹೆಸರಲ್ಲಿ ಉಂಟಾ?" ಎಂದ ವೆಂಕ್ಟ್ರಮಣ.

"ಸೇದೂದು ನನ್ನ ಕೈ ಬಾವ." ಅವಳು ನಿಲ್ಲಿಸಲಿಲ್ಲ. "ಮತ್ತೆ ನಮ್ಮ ಮನೆ ಕಡೆ ಅಗೆದದ್ದನ್ನ ಇವತ್ತೇ ಮುಚ್ಚಬೇಕು. ಕೂಡುದಾರಿಗಿಂತ ಮೇಲೆ ಯಾರ ಮನೆಗೂ ಕವಲು ಬ್ಯಾಡ. ಬೀದಿ ನಳ ಎಲ್ಲರಿಗೂ ಒಂದೇ. ಮೆಂಬರ್ರಿಗೂ, ಅಧ್ಯಕ್ಷರಿಗೂ."

ವೆಂಕ್ಟ್ರಮಣ ಬಾಯಿ ತೆರೆದ. ಏನೋ ಹೇಳಲು ಹೊರಟು ತಡೆದುಕೊಂಡದ್ದು ಕಂಡಿತು. ಅವನ ಮುಖದಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಮುಜುಗರವಿತ್ತು. "ಅದನ್ನ ಮನೇಲಿ ಒಂದು ಮಾತು ಕೇಳಿ ಹೇಳು," ಎಂದ ಮೆಲ್ಲಗೆ. ಮನೆಯವರು ಶನಿವಾರ ಬರ್ತಾರೆ, ಕೇಳೂದು ಎಂತದೂ ಇಲ್ಲ ಎಂದಳು ಅಂಬಾ. ಅವನು ಟೋಪಿ ಮತ್ತೆ ತಲೆಯ ಮೇಲಿಟ್ಟುಕೊಂಡ. ಆತು ಎಂದ. ಸುಬ್ಬಿಯನ್ನು ಮತ್ತೊಮ್ಮೆ ಕೇಳಿದಾಗ ಅವಳು, ಹಾಗಾದರೆ ನಳ ಇರಲಿ, ಮಧ್ಯಾಹ್ನದ ಮೇಲೆ ಇರಲಿ ಎಂದಳು. ಕಾಗದ ಬೆಂಚಿನಿಂದ ಬೆಂಚಿಗೆ ಬಂತು. ಅಂಬಾ ಎಂದಿನಂತೆ ಮೇಲಿನಿಂದ ಕೆಳಗಿನವರೆಗೆ ಓದಿದಳು. ತಾನು ಆಡಿದ ಮಾತೇ ಬೇರೆಯವರ ಅಕ್ಷರದಲ್ಲಿ ನಿಂತಿತ್ತು. ಸೈ ಮಾಡುವಾಗ ಅಕ್ಷರ ಸ್ವಲ್ಪ ದೊಡ್ಡದಾಯಿತು.

ಮನೆಗೆ ಬರುವಾಗ ಚೌಡನ ಆಳುಗಳು ಕವಲನ್ನು ಮುಚ್ಚುತ್ತಿದ್ದರು. ಸಲಿಕೆಯಿಂದ ಮಣ್ಣು ಬೀಳುವ ಸದ್ದು ಅವಳಿಗೆ ಹಿತವಾಗಿತ್ತು. ಅತ್ತೆಗೆ ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದಳು. ಊರಿನ ಮುಂದೆ ನಮ್ಮ ಮನೆಯ ಹೆಸರು ಇನ್ನೂ ಮೇಲೆ ಬಂತು ಅತ್ತೆ, ಬಾವಿ ಕೊಟ್ಟವರ ಮನೆ ಎಂದು. ಮುದುಕಿ ಮೊದಲು ಕೂಗಾಡುತ್ತಾಳೆ, ಊಟ ಬಿಡುತ್ತಾಳೆ, ಹೊನ್ನ ಬಂದಾಗ ದೂರು ಹೇಳುತ್ತಾಳೆ, ಆಮೇಲೆ ಸರಿಹೋಗುತ್ತಾಳೆ. ಅದನ್ನೆಲ್ಲ ತಡೆದುಕೊಳ್ಳುವ ಶಕ್ತಿ ತನಗಿದೆ.

ಮಾಸ್ತಮ್ಮ ಹಿತ್ತಿಲಲ್ಲಿ ಬಾವಿಕಟ್ಟೆಯ ಮೇಲೆ ಕೂತಿದ್ದಳು. ಪಕ್ಕದಲ್ಲಿ ಖಾಲಿ ಕೊಡಪಾನ. ಅಂಬಾ ನಿಂತುಕೊಂಡೇ ಎಲ್ಲ ಹೇಳಿದಳು, ಜೋಡಿಸಿಕೊಂಡ ಕ್ರಮದಲ್ಲಿಯೇ. ಅತ್ತೆ ಕೂಗಾಡಲಿಲ್ಲ. ಕೊನೆಯವರೆಗೂ ಕೇಳಿ, "ಬಾಗ್ಲಿಗೆ ನಳ ಕೇಳಿದ್ದು ನಾನು," ಎಂದಳು.

ಅಂಬಾಳಿಗೆ ಅರ್ಥವಾಗಲಿಲ್ಲ.

"ವೆಂಕ್ಟ್ರಮಣನ ಮನೆಗೆ ನಾನೇ ಹೋಗಿ ಕೇಳಿದ್ದು. ಯಾರ ಹತ್ರವೂ ಹೇಳೂದು ಬ್ಯಾಡ ಅಂದಿದ್ದೆ. ಅವ ಹೇಳ್ಲಿಲ್ಲ, ಪಾಪ." ಮಾಸ್ತಮ್ಮ ಬಲಗೈ ಎತ್ತಿದಳು. ಕೈ ಭುಜದವರೆಗೆ ಬಂದು ಅಲ್ಲೇ ನಿಂತಿತು. ಹಲ್ಲು ಕಚ್ಚಿ ಇನ್ನೂ ಎತ್ತಲು ನೋಡಿದಳು, ಕೈ ನಡುಗಿತು, ಕೆಳಗೆ ಬಿತ್ತು. "ಇಷ್ಟೇ ಬರೂದು ಈಗ. ಹೋದ ಮಳೆಗಾಲದಿಂದ. ನೀ ಮೀಟಿಂಗಿಗೆ ಹೋದ ದಿನ ಒಂದು ಕೊಡಪಾನ ಸೇದಿ ಒಂದು ತಾಸು ಕೂತ್ಕೊಳ್ತೆ. ಈ ಬೇಸಗೆ ಕೇರಿಯವರು ಬಂದು ನಿಂತ್ರೆ ನಾ ಎಂತ ಮಾಡೂದು? ಅದಕ್ಕೇ ಬರೂದು ಬ್ಯಾಡ ಅಂದೆ. ಕೈ ಬರೂದಿಲ್ಲ ಹೇಳ್ಲಾ ಅವರ ಹತ್ರ?"

ಮಲ್ಲಿಗೆಯ ನಾರನ್ನು ಬಿಗಿದದ್ದು, ಬಿಗಿಯುವಾಗ ತುಟಿ ಒತ್ತಿಕೊಂಡದ್ದು ಅಂಬಾಳ ಕಣ್ಣಿಗೆ ಬಂತು. ಆ ನೋವನ್ನು ಅವಳು ಸಿಟ್ಟೆಂದು ಓದಿದ್ದಳು. ಕಾಗದವಾದರೆ ಮೇಲಿನಿಂದ ಕೆಳಗಿನವರೆಗೆ ಓದುವವಳು, ಒಂದೇ ಸೂರಿನ ಕೆಳಗೆ, ಒಂದೇ ಒಲೆಯ ಅನ್ನ ಉಣ್ಣುತ್ತ, ಒಂದು ಮಳೆಗಾಲ, ಒಂದು ಚಳಿಗಾಲ. ಬೆಳಿಗ್ಗೆ ಎದ್ದಾಗ ಅತ್ತೆ ಎಡಗೈಯಲ್ಲಿ ಕೂದಲು ಕಟ್ಟಿಕೊಳ್ಳುತ್ತಿದ್ದಳಲ್ಲವೇ? ಕಂಡಿತ್ತು. ಮುದುಕರ ವಿಚಿತ್ರ ಎಂದುಕೊಂಡಿದ್ದಳು. ಬಾವನ ಮುಖದ ಮುಜುಗರವೂ ಈಗ ತಿಳಿಯಿತು, ತುಂಬಿದ ಸಭೆಯಲ್ಲಿ ತಾನು ಎಷ್ಟು ಗಟ್ಟಿಯಾಗಿ ಅವನನ್ನು ತಪ್ಪಾಗಿ ತಿಳಿದಿದ್ದೆ ಎನ್ನುವುದೂ.

"ನಂಗೆ ಯಾಕೆ ಹೇಳ್ಲಿಲ್ಲ ಅತ್ತೆ?"

"ನೀ ಕೇಳಿದ್ಯಾ?" ಮಾಸ್ತಮ್ಮನ ದನಿಯಲ್ಲಿ ದೂರು ಇರಲಿಲ್ಲ, ಅದೇ ಕಷ್ಟ. "ಊರಲ್ಲಿ ಒಬ್ಬರ ಮನೆ ಬಿಡದೆ ಹೋಗಿ ಕೇಳಿದೆ. ನಿಮ್ಗೆ ಎಷ್ಟು ನೀರು ಬೇಕು, ಯಾವಾಗ ಬೇಕು ಅಂತ. ಈ ಮನೇಲೂ ಒಬ್ಳು ನೀರು ಮುಟ್ಟುವವಳು ಇದ್ದಾಳಲ್ಲ."

ಹೊರಗೆ ಸಲಿಕೆಯ ಸದ್ದು ನಿಂತಿತ್ತು. ಈಗಲೂ ಓಡಿಹೋಗಿ ಚೌಡನಿಂದ ಮತ್ತೆ ಅಗೆಸಬಹುದು; ಅತ್ತೆಗೆ ಕೈ ಬರುವುದಿಲ್ಲ ಎಂದರೆ ಬಾವ ಮರುಮಾತಿಲ್ಲದೆ ಒಪ್ಪುತ್ತಾನೆ, ಊರೂ ಒಪ್ಪುತ್ತದೆ. ಅಂಬಾ ಆ ದಾರಿಯನ್ನು ಕೊನೆಯವರೆಗೂ ಮನಸ್ಸಿನಲ್ಲಿ ನಡೆದು ನೋಡಿದಳು. ಕೊನೆಯಲ್ಲಿ ಕಡಲಕೇರಿಯ ನಳ ಗಾಳಿ ಉಗುಳುತ್ತಿತ್ತು. ಇಲ್ಲ, ಸಭೆಯಲ್ಲಿ ಆಡಿದ ಮಾತು ಸರಿಯೇ. ಆಡಿದ ಬಾಯಿಗೆ ಪೆಟ್ಟು ಬಿದ್ದಿತು ಎಂದ ಮಾತ್ರಕ್ಕೆ ಮಾತು ತಪ್ಪಾಗುವುದಿಲ್ಲ. ಹಾಗೆ ಅಂದುಕೊಂಡಾಗ ನೋವು ಕಡಿಮೆಯಾಗಲಿಲ್ಲ, ಆದರೆ ಕಾಲು ನೆಲದ ಮೇಲೆ ಗಟ್ಟಿಯಾಗಿ ನಿಂತಿತು. ಅವಳು ಅತ್ತೆಯ ಪಕ್ಕದಲ್ಲಿ, ಕಟ್ಟೆಯ ಮೇಲೆಯೇ ಕೂತಳು. ಮದುವೆಯಾಗಿ ಬಂದ ಮೇಲೆ ಅತ್ತೆಗೆ ಸಮನಾಗಿ ಕೂತದ್ದು ಇದೇ ಮೊದಲು.

"ಈಗ ಕೇಳ್ತೆ. ನಿಮ್ಗೆ ಎಂತ ಬೇಕು ಅತ್ತೆ?"

ಈ ಪ್ರಶ್ನೆಯನ್ನು ಯಾರೂ ಮಾಸ್ತಮ್ಮನಿಗೆ ಹಾಕಿರಲಿಲ್ಲವೇನೋ, ಉತ್ತರಕ್ಕೆ ಎಲ್ಲಿ ಕೈಹಾಕಬೇಕೆಂದು ತಿಳಿಯದವಳಂತೆ ಬಾವಿಯೊಳಗೆ ನೋಡುತ್ತ ಕೂತಳು. ಆಮೇಲೆ ಸಣ್ಣ ಸಣ್ಣದಾಗಿ ಹೇಳತೊಡಗಿದಳು. ಬೆಳಿಗ್ಗೆ ಮೀಯಲಿಕ್ಕೆ ಎರಡು ಕೊಡಪಾನ. ಮಲ್ಲಿಗೆ ಗಿಡಕ್ಕೆ ಸಂಜೆ. ಸೇದುವ ಕೆಲಸ ತಪ್ಪಿದರೆ ಸಾಕು, ಆದರೆ ಜನ ಬರುವುದು ತಪ್ಪಿದರೆ ಬೇಜಾರು. ಬೇಸಗೆಯಲ್ಲಿ ಅವರು ಬಂದರೇ ಕಡಲ ಕಡೆಯ ಸುದ್ದಿ, ಯಾರಿಗೆ ಮದುವೆ, ಯಾರಿಗೆ ಮಗು. ಹೇಳುತ್ತ ಹೇಳುತ್ತ ಅವಳ ಮುಖ ಸಡಿಲಾಯಿತು.

"ಹಗ್ಗ ಅವರ ಕೈಗೇ ಕೊಡುವ," ಎಂದಳು ಅಂಬಾ.

"ನಿನ್ನ ಮಾವ ಇದ್ದಿದ್ರೆ ಈ ಮಾತು ನಿನ್ನ ಬಾಯಲ್ಲಿ ಬರ್ತಿರ್ಲಿಲ್ಲ."

"ಮಾವ ಯಾವತ್ತಾದ್ರೂ ಸೇದಿದ್ರಾ?"

ಮಾಸ್ತಮ್ಮನ ಮೂಗಿನಿಂದ ಒಂದು ಉಸಿರು ಹೊರಬಂತು, ನಗುವಿಗೆ ತೀರ ಹತ್ತಿರದ್ದು. ಅಷ್ಟು ಹೊತ್ತಿಗೆ ಹಿತ್ತಿಲ ದಾರಿಯಲ್ಲಿ ಸುಬ್ಬಿ ಬಂದಳು, ಹಿಂದೆ ಇನ್ನಿಬ್ಬರು. ಈ ಸಲ ಉಪ್ಪು ಬೇಗನೆ ಶುರುವಾಗಿತ್ತು, ಕುಡಿಯುವ ನೀರಿಗೆ ಸಂಜೆ ಬರತೊಡಗಿದ್ದರು. ಸಭೆಯಲ್ಲಿ ಮಾಸ್ತಮ್ಮನ ಮಾತನ್ನು ಎಲ್ಲರ ಮುಂದೆ ಆಡಿಬಿಟ್ಟೆನಲ್ಲ ಎಂಬ ಅಳುಕು ಅವಳ ನಡಿಗೆಯಲ್ಲೇ ಇತ್ತು. ದೂರದಲ್ಲಿಯೇ ನಿಂತಳು. ಕೊಡಪಾನ ಕೆಳಗಿಡಲಿಲ್ಲ. ಅಂಬಾ ಎಂದಿನಂತೆ ಹಗ್ಗಕ್ಕೆ ಕೈ ಚಾಚಿದಳು. ಮಾಸ್ತಮ್ಮ ಅವಳ ಕೈಯನ್ನು ಎಡಗೈಯಿಂದ ಸರಿಸಿದಳು.

"ಬಾ ಇಲ್ಲಿ," ಎಂದಳು ಸುಬ್ಬಿಗೆ. "ಮೇಲೆ ಹತ್ತು."

ಸುಬ್ಬಿ ಅಂಬಾಳ ಮುಖ ನೋಡಿದಳು, ಹಿಂದಿದ್ದವರ ಮುಖ ನೋಡಿದಳು. ಕಟ್ಟೆಯ ಅಂಚಿಗೆ ಬಂದು ಒಂದು ಪಾದದ ಮರಳನ್ನು ಇನ್ನೊಂದು ಪಾದಕ್ಕೆ ಒರಸಿ, ಮೇಲೆ ಕಾಲಿಟ್ಟಳು.

"ನನ್ನ ಕೈ ಬರೂದಿಲ್ಲ ಈಗ," ಎಂದಳು ಮಾಸ್ತಮ್ಮ, ಎಲ್ಲರಿಗೂ ಕೇಳುವಂತೆ. "ಹಗ್ಗ ಹಿಡಿ. ಮೊದಲು ನನ್ನ ಕೊಡಪಾನಕ್ಕೆ ಹಾಕು, ಆಮೇಲೆ ನಿಂದಕ್ಕೆ ಹಾಕ್ಕೊ."

ಸುಬ್ಬಿ ಬಲೆಯ ಹಗ್ಗ ಎಳೆದ ಕೈಯವಳು. ರಾಟೆ ತಿರುಗಿ ನೀರು ಸಲೀಸಾಗಿ ಮೇಲೆ ಬಂತು, ಅಂಬಾ ಎಂದೂ ಎಳೆಯಲಾರದಷ್ಟು ಬೇಗ. ಮಾಸ್ತಮ್ಮನ ಕೊಡಪಾನ ಬಾಯಿಯವರೆಗೆ ತುಂಬಿ, ಚೆಲ್ಲಿ, ಕಟ್ಟೆಯ ಕಲ್ಲಿನ ಮೇಲೆ ಹರಿದು ಮೂವರ ಪಾದಗಳನ್ನೂ ಒದ್ದೆಮಾಡಿತು. ಸಾಕು ಸಾಕು ಎಂದಳು ಮಾಸ್ತಮ್ಮ. ಸುಬ್ಬಿ ತನ್ನ ಕೊಡಪಾನಕ್ಕೆಂದು ಮತ್ತೆ ಬಾವಿಗೆ ಹಗ್ಗ ಬಿಟ್ಟಳು. ಅಂಬಾ ಬದಿಗೆ ಸರಿದು ಅವಳಿಗೆ ಜಾಗ ಮಾಡಿಕೊಟ್ಟಳು.